ತೊಳೆಯದ ಕಿವಿ

ಡಾಕ್ಟರ ಹತ್ತಿರ ಹೋಗುವ ದಿನ ನಾನು ಕಿವಿ ತೊಳೆದುಕೊಂಡು ಹೋಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾಯಿಲೆಯ ಕಥೆಯಲ್ಲಿ ಕಾಯಿಲೆಗಿಂತ ದೊಡ್ಡ ಪಾತ್ರ ಈ ತೊಳೆಯುವ ಚಾಳಿಯದೇ. ಬೆಳಿಗ್ಗೆ ಎದ್ದು ಸ್ನಾನ, ಇಸ್ತ್ರಿ ಮಾಡಿದ ಸೀರೆ, ತಲೆಗೆ ಒಂದು ಮೊಳ ಮಲ್ಲಿಗೆ. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು, ಹೇರ್‌ಪಿನ್ನಿಗೆ ಹತ್ತಿ ಸುತ್ತಿ, ಬಲಗಿವಿಯಲ್ಲಿ ಸೋರಿದ್ದನ್ನೆಲ್ಲ ಒರೆಸಿ ತೆಗೆಯುವುದು. ಕೊನೆಗೆ ಔಷಧಿ ಅಂಗಡಿಯ ಕಂದು ಸೀಸೆಯಿಂದ ನಾಲ್ಕು ಹನಿ ಹೈಡ್ರೋಜನ್ ಪೆರಾಕ್ಸೈಡ್. ಬಿಟ್ಟ ತಕ್ಷಣ ಕಿವಿಯೊಳಗೆ ಬುಸ್ಸೆಂದು ನೊರೆ ಏಳುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಎಲ್ಲಿಲ್ಲದ ಸಮಾಧಾನ. ಕೊಳೆಯೆಲ್ಲ ಕುದ್ದು ಹೋಯಿತು ಅಂದುಕೊಳ್ಳುತ್ತಿದ್ದೆ.

ಇದನ್ನು ನನಗೆ ಕಲಿಸಿದವಳು ಅಮ್ಮ. ಪೆರಾಕ್ಸೈಡ್ ಅಲ್ಲ, ಚೊಕ್ಕಟವಾಗಿ ಹೋಗುವುದನ್ನು. ನಂಜನಗೂಡಿನಲ್ಲಿ ನಾನು ಚಿಕ್ಕವಳಿದ್ದಾಗ ಜ್ವರ ಬಂದು ಮೈ ಕೆಂಡವಾಗಿದ್ದರೂ ಮುಖ ತೊಳೆಸಿ, ಜಡೆ ಹಾಕಿ, ಒಗೆದ ಲಂಗ ಉಡಿಸಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. "ದೊಡ್ಡೋರ ಮುಂದೆ ಹೀಗೇ ನಿಂತ್ಕೋತಾರೇನೇ, ಏನಂದ್ಕೋತಾರೆ?" ಎನ್ನುತ್ತಿದ್ದಳು. ನನ್ನ ಕಿವಿ ಸೋರಲು ಶುರುವಾದದ್ದು ಏಳನೇ ವಯಸ್ಸಿಗೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಎರಡು ತೊಟ್ಟು ಬಿಟ್ಟು, ಮೇಲೆ ಗಟ್ಟಿಯಾಗಿ ಹತ್ತಿ ಇಟ್ಟುಬಿಡುತ್ತಿದ್ದಳು. ಸ್ವಲ್ಪ ದಿನ ನಿಲ್ಲುತ್ತಿತ್ತು, ನೆಗಡಿಯಾದರೆ ಮತ್ತೆ ಶುರು. ನಾನು ಮದುವೆಯಾಗಿ ಚೆನ್ನೈಗೆ ಬಂದಾಗ ನನ್ನ ಜೊತೆ ಬೆಳ್ಳಿ ದೀಪ, ಎರಡು ರೇಷ್ಮೆ ಸೀರೆ, ಈ ಕಿವಿ, ಎಲ್ಲ ಬಂದವು.

ನಮ್ಮ ಯಜಮಾನರದು ವಿಮಾ ಕಚೇರಿಯಲ್ಲಿ ಕೆಲಸ. ನನಗೆ ಪೆರಂಬೂರಿನ ಕಡೆ ಒಂದು ದೊಡ್ಡ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಕೊನೆಯಲ್ಲೂ ಅಲ್ಲಿ ಹಳೇ ಕಾಲದ ಬೋರ್ಡೇ ಇತ್ತು. ದೀಪ ಹೊತ್ತಿಕೊಂಡರೆ ವೈರು ಚುಚ್ಚಬೇಕು, "ನಂಬರ್ ಪ್ಲೀಸ್" ಅನ್ನಬೇಕು, ಇನ್ನೊಂದು ವೈರನ್ನು ಕೇಳಿದ ಕಡೆ ಚುಚ್ಚಬೇಕು. ತಲೆಯ ಮೇಲೆ ಕಬ್ಬಿಣದ ಬಳೆಯಂಥ ಪಟ್ಟಿ, ಅದರ ಒಂದು ತುದಿಗೆ ಕಿವಿಯನ್ನು ಮುಚ್ಚುವ ಸ್ಪಂಜಿನ ಬಿಲ್ಲೆ, ಬಾಯಿಯ ಮುಂದೆ ಮೈಕು. ಎಂಟು ಗಂಟೆ ಅದನ್ನು ಹಾಕಿಕೊಂಡು ಕೂರುವುದು. ಕೆಲಸ ಕಲಿಸಿದವರು ಮೊದಲ ದಿನ ಅದನ್ನು ನನ್ನ ಬಲಗಿವಿಗೆ ಕೂರಿಸಿದರು. ನಾನು ಬದಲಾಯಿಸಲಿಲ್ಲ. ಏಕೆ ಎಡಕ್ಕೆ ಹಾಕ್ತೀಯಾ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು ಎಂಬ ಭಯ. ಇಂಥ ಸಣ್ಣ ಸಣ್ಣ ಭಯಗಳಿಂದಲೇ ದೊಡ್ಡ ಮೂರ್ಖತನಗಳು ಆಗುವುದು ಎಂದು ಈಗ ಅನ್ನಿಸುತ್ತದೆ.

ಭಯಕ್ಕೆ ಕಾರಣವೂ ಇತ್ತು. ಕೆಲವು ವರ್ಷಕ್ಕೊಮ್ಮೆ ನಮಗೆ ವೈದ್ಯಕೀಯ ಪರೀಕ್ಷೆ ಆಗುತ್ತಿತ್ತು. ಆಪರೇಟರುಗಳಿಗೆ ಕಿವಿಯದೇ ಮುಖ್ಯ. ಡಾಕ್ಟರು ದೂರದಲ್ಲಿ ನಿಂತು ಪಿಸುಗುಡುತ್ತಿದ್ದರು, ನಾವು ಅದನ್ನು ತಿರುಗಿ ಹೇಳಬೇಕು. ಸೋರುವ ಕಿವಿ ಎಂದು ಬರೆದುಬಿಟ್ಟರೆ ಬೋರ್ಡಿನಿಂದ ಎಬ್ಬಿಸಿ ಯಾವುದೋ ಗೋದಾಮಿನ ಮೂಲೆಗೆ ಹಾಕುತ್ತಾರೆ, ಅಥವಾ ಮನೆಗೇ ಕಳಿಸುತ್ತಾರೆ ಎಂದು ನಮ್ಮ ನಡುವೆ ಮಾತಿತ್ತು. ಆ ಬೋರ್ಡು ನನಗೆ ಬಹಳ ಇಷ್ಟವಾದ ಜಾಗ. ಭಾಷೆ ಬಾರದ ಊರಿಗೆ ಬಂದವಳಿಗೆ ಆ ಊರು ಮಾತಾಡಿದ್ದು ಅಲ್ಲಿಂದಲೇ. ನನ್ನ ತಮಿಳೆಲ್ಲ ಆ ವೈರುಗಳಿಂದ ಬಂದದ್ದು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಹಾಗಾಗಿ ಪರೀಕ್ಷೆಯ ದಿನವೂ ತೊಳೆಯುತ್ತಿದ್ದೆ, ಬೇರೆ ಡಾಕ್ಟರ ಹತ್ತಿರ ಹೋಗುವ ದಿನವೂ ತೊಳೆಯುತ್ತಿದ್ದೆ. ಮಿಕ್ಕ ದಿನ ಒಳಗೆ ಹತ್ತಿ, ಮೇಲೆ ಸ್ಪಂಜು, ಮುಡಿಯಲ್ಲಿ ಮಲ್ಲಿಗೆ. ಫೋನಿನ ದನಿ ಜೋರಿದ್ದದ್ದರಿಂದ ಹತ್ತಿ ದಾಟಿಯೂ ಕೇಳಿಸುತ್ತಿತ್ತು.

ಮಲ್ಲಿಗೆ ಯಾಕೆಂದರೆ ವಾಸನೆಗೆ. ಕಿವಿ ಸೋರುವವರಿಗೆ ನೋವಿಗಿಂತ ದೊಡ್ಡ ಕಷ್ಟ ಅದು. ತನ್ನ ವಾಸನೆ ತನಗೆ ಗೊತ್ತಾಗುವುದಿಲ್ಲ, ಎದುರಿಗಿರುವವರ ಮುಖ ನೋಡಿ ಊಹಿಸಬೇಕು. ಬಸ್ಸಿನಲ್ಲಿ ಪಕ್ಕದವರು ಸೆರಗು ಮೂಗಿಗೆ ಹಿಡಿದರೆ ಅದು ನನ್ನಿಂದಲೋ ಕೂವಂ ಹೊಳೆಯ ಗಾಳಿಯಿಂದಲೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹೊಳೆ ದಾಟಿದ ಮೇಲೂ ಸೆರಗು ಇಳಿಯದಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ.

ನನ್ನ ಮಗಳು ಸಂಧ್ಯಾಗೆ ಆಗ ಆರು ವರ್ಷ. ಯಾವಾಗಲೂ ನನ್ನ ಎಡಕ್ಕೇ ಬಂದು ಕೂರುತ್ತಿದ್ದಳು. ಊಟಕ್ಕೆ, ಪಾಠಕ್ಕೆ, ಬಸ್ಸಿನಲ್ಲಿ, ಎಲ್ಲ ಕಡೆ ಎಡಕ್ಕೆ. ಮಕ್ಕಳಿಗೆ ಒಂದೊಂದು ಅಭ್ಯಾಸ ಎಂದುಕೊಂಡಿದ್ದೆ. ಒಂದು ಭಾನುವಾರ ತಲೆ ಬಾಚಲು ಅವಳನ್ನು ಬಲ ತೊಡೆಯ ಮೇಲೆ ಎಳೆದು ಕೂರಿಸಿಕೊಂಡೆ. ಅವಳು ಕೊಸರಿಕೊಂಡು ಎದ್ದಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗು ಅವಳು. "ಅಂದ ಕಾದು ನಾತ್ತಂ ಅಡಿಕ್ಕುದುಮ್ಮಾ" ಅಂದಳು. ಆ ಕಿವಿ ನಾರುತ್ತೆ ಎಂದು. ಸಿಟ್ಟಿಲ್ಲ, ಬೇಸರವಿಲ್ಲ, ಹಾಲು ಒಡೆದಿದೆ ಎಂದು ಹೇಳುವ ಹಾಗೆ ಹೇಳಿ ಎಡಕ್ಕೆ ಬಂದು ಕೂತಳು. ನಾನು ತಲೆ ಬಾಚಿದೆ. ಬೈತಲೆ ಸೊಟ್ಟಗಾಯಿತು.

ಮರುವಾರವೇ ಕೀಲ್ಪಾಕಿನ ಕಡೆ ಒಂದು ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಹೋದೆ. ಹೋಗುವ ಮೊದಲು ಏನು ಮಾಡಿದೆ ಎಂದು ನೀವೇ ಊಹಿಸಿ. ಅವರು ವಯಸ್ಸಾದವರು, ನಿಧಾನಸ್ಥರು, ಹಣೆಯ ಮೇಲೆ ಕನ್ನಡಿ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. "ತಮಟೆಯಲ್ಲಿ ಮೇಲುಗಡೆ ತೂತು ಇದೆ. ಆದರೆ ಒಳಗೆ ಅಂಥದ್ದೇನೂ ಕಾಣುತ್ತಿಲ್ಲ. ಯಾವಾಗಿನಿಂದ ಸೋರುತ್ತೆ?" ಎಂದರು. ನೆಗಡಿ ಆದಾಗ ಒಂದಿಷ್ಟು ಅಂದೆ. ಇಪ್ಪತ್ತಾರು ವರ್ಷದ್ದನ್ನು ಒಂದು ನೆಗಡಿಗೆ ಇಳಿಸಿಬಿಟ್ಟೆ. ಅವರು ಕಡ್ಡಿಯ ತುದಿಯ ಹತ್ತಿಯಿಂದ ಒಳಗೆ ಸವರಿ, ಕೊಳವೆಗೆ ಹಾಕಿ, ಪ್ರಯೋಗಾಲಯಕ್ಕೆ ಬರೆದುಕೊಟ್ಟರು.

ಮೂರು ದಿನದ ಮೇಲೆ ರಿಪೋರ್ಟು ಬಂತು. ಎರಡೇ ಪದ: ನೋ ಗ್ರೋತ್. ಏನೂ ಬೆಳೆದಿಲ್ಲ. ನಮ್ಮ ಯಜಮಾನರು ಸಂಜೆ ಪುರಸವಾಕದಿಂದ ಅರ್ಧ ಕಿಲೋ ಜಾಂಗ್ರಿ ತಂದರು. "ಎಲ್ಲರ ಮನೇಲೂ ಏನಾದ್ರೂ ಬೆಳೆದರೆ ಸ್ವೀಟ್ ಹಂಚ್ತಾರೆ, ನಮ್ಮನೇಲಿ ಬೆಳೀದೇ ಇದ್ದಿದ್ದಕ್ಕೆ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಒಳಗೆ ಮಾತ್ರ ಗೊತ್ತಿತ್ತು, ಆ ಹೊತ್ತಿಗಾಗಲೇ ಹತ್ತಿ ಒದ್ದೆಯಾಗಿತ್ತು. ಆದರೂ ರಿಪೋರ್ಟನ್ನು ನಂಬಿದೆ. ಕಾಗದದಲ್ಲಿ ಇಲ್ಲ ಎಂದು ಬರೆದಿರುವಾಗ ಇದೆ ಎನ್ನಲು ನಾನ್ಯಾರು.

ಒಂದೆರಡು ತಿಂಗಳಿಗೆ ತಲೆ ಸುತ್ತು ಶುರುವಾಯಿತು. ಬೋರ್ಡಿನ ದೀಪಗಳು ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತಿರುವಂತೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಫೋರ್ಮನ್ನಿಗೆ ಕೊಡಬೇಕಾದ ಕರೆಯನ್ನು ಕ್ಯಾಂಟೀನಿಗೆ ಚುಚ್ಚಿದೆ, ಆಫೀಸರೊಬ್ಬರು ಸಾಂಬಾರಿನ ವಿಚಾರ ಕೇಳಬೇಕಾಯಿತು. ಮತ್ತೆ ಡಾಕ್ಟರ ಹತ್ತಿರ ಹೋದೆ, ಮತ್ತೆ ತೊಳೆದುಕೊಂಡೇ. ಮತ್ತೆ ಕಡ್ಡಿ, ಮತ್ತೆ ಕೊಳವೆ. ಈ ಸಲ ರಿಪೋರ್ಟ್ ತೆಗೆದುಕೊಳ್ಳಲು ಹೋದಾಗ ಕಿಟಕಿಯಲ್ಲಿದ್ದಾತ, "ಡಾಕ್ಟರಮ್ಮ ನಿಮ್ಮನ್ನ ನೋಡಬೇಕಂತೆ, ಒಳಗೆ ಹೋಗಿ" ಅಂದ.

ಡಾಕ್ಟರಮ್ಮ ಎಂದರೆ ಪ್ರಯೋಗಾಲಯದವರು, ರೋಗಿಗಳ ಮುಖವನ್ನೇ ನೋಡದವರು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಕೋಟಿನ ಜೇಬಿನಲ್ಲಿ ಒಂದು ಪೊಟ್ಟಣ ಕಡಲೆಮಿಠಾಯಿ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ತಮಿಳಿನಲ್ಲಿ ಕೇಳಿದರು: "ನಿಮ್ಮ ಕಿವಿಯದನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀವೂ ಇದೆ, ರೋಗಾಣುವೂ ಇದೆ. ಅದನ್ನೇ ತಟ್ಟೆಯಲ್ಲಿ ಬೆಳೆಸಲು ಇಟ್ಟರೆ ಒಂದೂ ಬೆಳೆಯಲ್ಲ. ಎರಡು ಸಲವೂ ಹೀಗೇ. ಬರುವ ಮೊದಲು ಕಿವಿಗೆ ಏನಾದರೂ ಹಾಕ್ತೀರಾ?"

ಯಾರೂ ನನ್ನನ್ನು ಅದುವರೆಗೆ ಹಾಗೆ ಕೇಳಿರಲಿಲ್ಲ. ಕಳ್ಳತನ ಸಿಕ್ಕಿಬಿದ್ದ ಹಾಗಾಯಿತು. ಪಿನ್ನು, ಹತ್ತಿ, ಕಂದು ಸೀಸೆ, ಎಲ್ಲ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡರೆ ಆಕೆ ಕಡಲೆಮಿಠಾಯಿಯನ್ನು ಮುರಿದು ನನಗೆ ಅರ್ಧ ಕೊಟ್ಟರು.

"ನೀವು ಜಗಲಿ ತೊಳೆದು ಜಗಲಿಯ ಮಣ್ಣನ್ನೇ ತಂದುಕೊಟ್ಟಿದ್ದೀರಿ. ನನಗೆ ಬೇಕಾದ್ದು ಒಳಮನೆಯದು" ಎಂದರು. "ಆ ನೊರೆ ಬರುತ್ತಲ್ಲ, ಅದು ಗಾಳಿ, ಆಮ್ಲಜನಕ. ಬಾಗಿಲಲ್ಲಿ ಇದ್ದವು ಅದರಿಂದ ಸತ್ತವು. ಅರೆಜೀವ ಆದವು ನನ್ನ ಮೇಜಿಗೆ ಬರುವಷ್ಟರಲ್ಲಿ ಸತ್ತವು. ಆದರೆ ಒಳಗೆ ಮೂಳೆಯ ಸಂದಿಯಲ್ಲಿ ಇರುವುದಕ್ಕೆ ನಿಮ್ಮ ನೊರೆಯೂ ಮುಟ್ಟಲ್ಲ, ಹೊರಗಿನ ಗಾಳಿಯೂ ಮುಟ್ಟಲ್ಲ. ಹತ್ತಿ ಬೇರೆ ಇಟ್ಟುಕೊಳ್ತೀರಿ. ಅವುಗಳಲ್ಲಿ ಕೆಲವಕ್ಕೆ ಗಾಳಿಯೇ ಆಗಿಬರಲ್ಲ, ಮುಚ್ಚಿಟ್ಟಷ್ಟೂ ಸುಖ."

"ಊಟ ಇಲ್ಲದೆ ಸಾಯಲ್ವಾ?" ಎಂದು ಕೇಳಿದೆ. ನನಗೆ ಆಗ ತೋಚಿದ್ದು ಅದೇ ಪ್ರಶ್ನೆ.

"ಊಟಕ್ಕೇನು, ಒಳಗೆ ಉದುರುವ ನಿಮ್ಮ ಚರ್ಮವೇ ಇದೆ. ಅದು ಕಡಿಮೆಯಾದರೆ ಸುಮ್ಮನೆ ಮಲಗುತ್ತವೆ, ಸಾಯಲ್ಲ. ಔಷಧಿಗೆ ಸಿಕ್ಕಿಬೀಳುವುದು ಹೆಚ್ಚಾಗಿ ತಿಂದು ಬೆಳೆಯುತ್ತಿರುವವು. ಉಪವಾಸ ಮಲಗಿದ್ದು ತಪ್ಪಿಸಿಕೊಳ್ಳುತ್ತೆ. ಮತ್ತೆ ಊಟ ಬಂದಾಗ ಎದ್ದು ಕೂರುತ್ತೆ. ನಿಮ್ಮ ಕಿವಿ ನಿಂತಿತು ನಿಂತಿತು ಅಂದುಕೊಂಡಿರಲ್ಲ, ಅವು ಆ ದಿನಗಳು."

ನನಗೆ ನಮ್ಮ ಅತ್ತೆಯ ಏಕಾದಶಿ ನೆನಪಾಯಿತು. ಅವರೂ ಆ ದಿನ ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿ, ದ್ವಾದಶಿಯ ಬೆಳಿಗ್ಗೆ ಏಳು ದೋಸೆ ತಿನ್ನುತ್ತಿದ್ದರು. ಹೇಳಿದರೆ ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಒಂದು ವಾರ ಏನೂ ಹಾಕಬೇಡಿ. ಹನಿ ಬೇಡ, ಎಣ್ಣೆ ಬೇಡ, ಹತ್ತಿ ಬೇಡ, ಪಿನ್ನು ಬೇಡ. ಹೊರಗೆ ಇಳಿದದ್ದನ್ನು ಬಟ್ಟೆಯಲ್ಲಿ ಒತ್ತಿಕೊಳ್ಳಿ, ಅಷ್ಟೇ. ಜ್ವರ ಬಂದರೆ, ಮುಖ ಸೊಟ್ಟಗಾದರೆ ಆ ಕ್ಷಣ ಬನ್ನಿ. ಇಲ್ಲದಿದ್ದರೆ ಎಂಟನೇ ದಿನ ಬನ್ನಿ. ಕೊಳಕಾಗಿಯೇ ಬನ್ನಿ."

ನನ್ನ ಇಡೀ ಜೀವನದಲ್ಲಿ ಯಾರೂ ನನಗೆ ಕೊಡದಿದ್ದ ಆಜ್ಞೆ ಅದು. ಆಪರೇಷನ್ನಿಗಿಂತ ಆ ಏಳು ದಿನ ಕಷ್ಟವಾಗಿತ್ತು ಎಂದರೆ ಈಗಲೂ ನಮ್ಮ ಯಜಮಾನರು ನಂಬುವುದಿಲ್ಲ. ರಜೆ ಹಾಕು ಎಂದರು. ರಜೆ ಕೇಳಿದರೆ ಕಾರಣ ಹೇಳಬೇಕು, ಅದಕ್ಕೇ ಕೆಲಸಕ್ಕೆ ಹೋದೆ. ಮೊದಲ ದಿನ ಹೇಗೋ ಕಳೆಯಿತು. ಮೂರನೆಯ ದಿನಕ್ಕೆ ಸೋರಿದ್ದು ಕುತ್ತಿಗೆಗೆ ಇಳಿಯತೊಡಗಿತು. ಬೋರ್ಡಿನ ಮುಂದೆ ಕೂತರೆ ಫ್ಯಾನಿನ ಗಾಳಿ ನನ್ನ ಕಡೆಯಿಂದ ಮಿಕ್ಕವರ ಕಡೆಗೆ ಹೋಗುತ್ತಿತ್ತು. ನಾನು ಎದ್ದು ಫ್ಯಾನ್ ಆರಿಸಿದೆ. ಮದ್ರಾಸಿನ ಮೇ ತಿಂಗಳಲ್ಲಿ. ಎಲ್ಲರೂ ತಿರುಗಿ ನೋಡಿದರು. ನನಗೆ ಅಲ್ಲೇ ಭೂಮಿ ಬಿರಿಯಬಾರದೇ ಅನ್ನಿಸಿತು.

ಮಧ್ಯಾಹ್ನ ನನ್ನಿಂದ ಸೀಟು ಬಿಡಿಸಿಕೊಳ್ಳಲು ಕಸ್ತೂರಿ ಬಂದಳು. ನನ್ನ ನಂತರದ ಪಾಳಿ ಯಾವಾಗಲೂ ಅವಳದು, ಹೆಡ್‌ಸೆಟ್ಟು ಇಬ್ಬರಿಗೂ ಒಂದೇ. ಅವಳು ಪ್ರತಿ ದಿನ ಅದನ್ನು ಹಾಕಿಕೊಳ್ಳುವ ಮೊದಲು ಬ್ಯಾಗಿನಿಂದ ಒಂದು ಪುಟ್ಟ ಸೀಸೆ ತೆಗೆದು ಸ್ಪಂಜನ್ನು ಸ್ಪಿರಿಟ್ಟಿನಿಂದ ಒರೆಸುತ್ತಿದ್ದಳು. ಇವಳಿಗೆ ಅತಿ ಮಡಿ ಎಂದು ನಾನು ಮನಸ್ಸಿನಲ್ಲೇ ಮೂದಲಿಸಿಕೊಂಡಿದ್ದೆ. ಆ ದಿನ ನಾನು ಹೆಡ್‌ಸೆಟ್ಟನ್ನು ಅವಳ ಕೈಗೆ ಕೊಡಲಾಗದೆ ಸೆರಗಿನಲ್ಲಿ ಸುತ್ತಿಕೊಂಡು ನಿಂತುಬಿಟ್ಟೆ.

"ಕೊಡು ವಿಶಾಲಾ," ಅಂದಳು.

"ಇವತ್ತು ಬೇಡ. ಬೇರೆ ತಗೋ."

"ಎನಕ್ಕು ತೆರಿಯುಂಡೀ," ಅಂದಳು ಮೆಲ್ಲಗೆ. ನನಗೆ ಗೊತ್ತು ಕಣೇ. "ಮೂರು ವರ್ಷದಿಂದ ಗೊತ್ತು."

ಮೂರು ವರ್ಷದಿಂದ ನನ್ನ ಮಲ್ಲಿಗೆ ಅವಳನ್ನು ಮೋಸಗೊಳಿಸಿರಲಿಲ್ಲ. ಅವಳು ನನ್ನನ್ನು ಊಟದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. "ನಾನು ಒರೆಸುತ್ತಿದ್ದದ್ದು ನನಗೋಸ್ಕರ ಮಾತ್ರ ಅಲ್ಲ. ನನ್ನ ಪಾಳಿ ಮುಗಿದ ಮೇಲೆ ಬರುವವಳ ಬಾಯಿ ನಿನಗೆ ಗೊತ್ತಲ್ಲ. ಅವಳಿಗೆ ತಿಳಿದರೆ ಸಂಜೆಯೊಳಗೆ ಮೇಲಿನವರಿಗೆ ತಿಳಿಯುತ್ತಿತ್ತು. ನೀನೇ ಹೇಳುತ್ತೀಯ ಅಂತ ಕಾದೆ" ಅಂದಳು. ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಇಷ್ಟು ದಿನ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಹೊರೆಗೆ ಇನ್ನೊಬ್ಬಳು ಹೆಗಲು ಕೊಟ್ಟುಕೊಂಡೇ ಬಂದಿದ್ದಳಲ್ಲ ಎಂದು. ಉಳಿದ ನಾಲ್ಕು ದಿನ ಅವಳು ಮನೆಯಿಂದ ಹಳೇ ಮಲ್ ಪಂಚೆ ಕತ್ತರಿಸಿ ಚೌಕದ ತುಂಡುಗಳನ್ನು ತಂದುಕೊಟ್ಟಳು, ಒತ್ತಿಕೊಳ್ಳಲು. ಒಂದು ತುಂಡನ್ನೂ ತಿರುಗಿ ಕೇಳಲಿಲ್ಲ.

ಎಂಟನೇ ದಿನ ಸ್ನಾನ ಮಾಡಿದೆ, ಕಿವಿಯನ್ನು ಮಾತ್ರ ಮುಟ್ಟಲಿಲ್ಲ. ಮಲ್ಲಿಗೆ ಮುಡಿಯಲಿಲ್ಲ. ಕಿವಿ ಡಾಕ್ಟರು ಕನ್ನಡಿ ಇಳಿಸಿ ಇಣುಕಿದರು. "ಇದನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರಿ ಅಮ್ಮಾ?" ಎಂದರು. ಸಣ್ಣ ಕೊಳವೆಯಿಂದ ಆಳದಿಂದ ಹೀರಿ ತೆಗೆದು, ಒಳಗೆ ಗಾಳಿ ಹೋಗದಂಥ ಬಿರಡೆಯ ಸೀಸೆಗೆ ಹಾಕಿದರು. ಆ ಸೀಸೆಯನ್ನು ಪ್ರಯೋಗಾಲಯದವರೇ ಮೊದಲೇ ಕಳಿಸಿಕೊಟ್ಟಿದ್ದರಂತೆ.

ಈ ಸಲ ರಿಪೋರ್ಟು ತುಂಬಿಕೊಂಡು ಬಂತು. ಡಾಕ್ಟರಮ್ಮ ನನಗೆ ಎರಡು ಗಾಜಿನ ತಟ್ಟೆ ತೋರಿಸಿದರು. ಬಯಲಿನ ಗಾಳಿಯಲ್ಲಿ ಬೆಳೆದದ್ದರಲ್ಲಿ ಕೆರೆಯ ಪಾಚಿಯ ಹಸಿರು. ಗಾಳಿ ತೆಗೆದ ಮುಚ್ಚಿದ ಜಾಡಿಯಲ್ಲಿ ಬೆಳೆದದ್ದರಲ್ಲಿ ಬೂದು ಚುಕ್ಕೆಗಳು. "ಮೊದಲನೆಯದು ಇರುವ ಗಾಳಿಯನ್ನೆಲ್ಲ ಕುಡಿದು ಮುಗಿಸುತ್ತೆ. ಆಗ ಎರಡನೆಯದಕ್ಕೆ ಮನೆ ಸಿದ್ಧ. ಒಟ್ಟು ಕುಟುಂಬ" ಎಂದರು. ಎರಡನೆಯ ತಟ್ಟೆಯ ಮುಚ್ಚಳವನ್ನು ಆಕೆ ಅರೆಗಳಿಗೆ ಓರೆ ಮಾಡಿದಾಗ ನನಗೆ ಒಂದು ವಾಸನೆ ತಟ್ಟಿತು. ನನ್ನ ಮಗಳು ಆರು ವರ್ಷ ಕುಡಿದ ವಾಸನೆಯನ್ನು ನಾನು ಮೊದಲ ಸಲ ಮೂಸಿದ್ದು ಆಗ.

ಸ್ಕ್ಯಾನಿನಲ್ಲಿ ಇನ್ನೂ ಕೆಟ್ಟ ಸುದ್ದಿ ಇತ್ತು. ಕಿವಿಯ ಹಿಂದಿನ ಮೂಳೆ ತಿಂದುಹೋಗಿತ್ತು, ಒಳಗೆ ಚರ್ಮದ ಗಂಟು ಕೂತಿತ್ತು, ಶಬ್ದ ದಾಟಿಸುವ ಪುಟ್ಟ ಮೂಳೆಗಳಲ್ಲಿ ಎರಡು ಕಾಣೆಯಾಗಿದ್ದವು. ಇಷ್ಟು ದಿನ ಆ ಗಂಟೇ ಅವುಗಳ ಬದಲು ಸದ್ದು ದಾಟಿಸುತ್ತಿತ್ತಂತೆ. "ಇನ್ನು ಸ್ವಲ್ಪ ಒಳಗೆ ಹೋದರೆ ಮುಖದ ನರ, ಅದರಾಚೆ ಮಿದುಳು" ಎಂದರು ಡಾಕ್ಟರು. ಆಪರೇಷನ್ ಮಾಡಿ ಎಲ್ಲ ಕೆರೆದು ತೆಗೆಯಬೇಕು, ಒಳಗಿನ ಗೋಡೆ ಒಡೆದು ದೊಡ್ಡ ಬಾಯಿ ಮಾಡಬೇಕು, ಮುಂದೆಂದೂ ಮುಚ್ಚಿಕೊಳ್ಳದ ಹಾಗೆ.

"ಕೇಳಿಸುತ್ತಾ ಸಾರ್ ಆಮೇಲೆ?"

"ಆ ಕಿವಿಯಲ್ಲಿ? ಹೆಚ್ಚೇನೂ ಇಲ್ಲ."

"ನನ್ನ ಕೆಲಸವೇ ಆ ಕಿವಿಯದು ಸಾರ್. ಟೆಲಿಫೋನ್ ಆಪರೇಟರ್. ಬೇರೆ ಏನಾದರೂ ದಾರಿ..."

ಅವರು ಕಾಗದ ಕೆಳಗಿಟ್ಟರು. "ಮೊದಲು ನೀವು ಇರಬೇಕು, ಆಮೇಲೆ ಕಿವಿ ಒಣಗಬೇಕು, ಕೇಳುವುದು ಮೂರನೆಯದು. ಎರಡು ವರ್ಷ ಮುಂಚೆ ಹೀಗೇ ಬಂದಿದ್ದರೆ ಬೇರೆ ಮಾತಾಡಬಹುದಿತ್ತು" ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೃದುವಾಗಿ ಹೇಳಿದರು. ಹೊರಗೆ ಕಾಯುವ ಬೆಂಚಿನ ಮೇಲೆ ಬಂದು ಕೂತಾಗ ನಮ್ಮ ಯಜಮಾನರು ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟರು. ತಮಾಷೆ ಮಾಡದೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ತೊಳೆದದ್ದು ನನ್ನ ಕೇಳುವ ಶಕ್ತಿಯನ್ನೇ ಎಂದು ಆಗ ಅರ್ಥವಾಯಿತು.

ಆಪರೇಷನ್ ಬಗ್ಗೆ ಹೆಚ್ಚು ಹೇಳಲು ನನಗೆ ಗೊತ್ತಿಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದ ಮೇಲೆ ಡಾಕ್ಟರು ಪ್ರತಿ ಬೆಳಿಗ್ಗೆ ಬಂದು, "ಹಲ್ಲು ತೋರಿಸಿ, ಕಣ್ಣು ಮುಚ್ಚಿ, ಸಿಳ್ಳೆ ಹಾಕಿ" ಎನ್ನುತ್ತಿದ್ದರು, ಮುಖದ ನರ ಸರಿಯಿದೆಯೇ ಎಂದು ನೋಡಲು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಸಿಳ್ಳೆ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು. ಮೂವತ್ತಮೂರನೆಯ ವಯಸ್ಸಿಗೆ, ತಲೆಗೆ ರುಮಾಲಿನಂಥ ಬ್ಯಾಂಡೇಜು ಕಟ್ಟಿಕೊಂಡು, ವಾರ್ಡಿನ ತುಂಬ ಜನರ ಮುಂದೆ ಸಿಳ್ಳೆ ಹಾಕಿದೆ. ಪಕ್ಕದ ಹಾಸಿಗೆಯ ಅಜ್ಜಿ ಚಪ್ಪಾಳೆ ತಟ್ಟಿದರು.

ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಲು ಅಮ್ಮ ಬಂದಳು. ಚೀಲದಲ್ಲಿ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಒಂದು ಸೀಸೆ ಬೆಳ್ಳುಳ್ಳಿ ಎಣ್ಣೆ. ಎಣ್ಣೆ ಹಾಕಬಾರದಮ್ಮ, ಹತ್ತಿ ಇಡಬಾರದು, ಗಾಳಿಯಾಡಬೇಕಂತೆ ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮ ಸೀಸೆಯ ಬಿರಡೆಯನ್ನು ಮತ್ತೆ ಬಿಗಿಯಾಗಿ ಒತ್ತಿದಳು.

"ಹಂಗಾರೆ ನಾನು ಹಾಕಿದ್ದ್ರಿಂದ್ಲೇ ಹಿಂಗಾಯ್ತೇನೇ?"

ಇಲ್ಲಮ್ಮ ಅಂದುಬಿಡಬಹುದಿತ್ತು. ಆದರೆ ತೊಳೆದು ತೋರಿಸುವುದನ್ನು ನಾನು ಬಿಟ್ಟಿದ್ದೆ. "ಗೊತ್ತಿಲ್ಲಮ್ಮ. ಡಾಕ್ಟ್ರನ್ನ ಕೇಳ್ದೆ, ಅವ್ರೂ ಹೇಳಕ್ಕಾಗಲ್ಲ ಅಂದ್ರು. ಇಷ್ಟು ವರ್ಷ ಮುಚ್ಕೊಂಡು ಕೂತಿದ್ದು ನಾನು ತಾನೇ."

ಅಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಆ ಎಣ್ಣೆಯನ್ನು ತನ್ನ ಮಂಡಿಗಳಿಗೆ ಹಚ್ಚಿಕೊಂಡಳು, ಅನ್ಯಾಯವಾಗಿ ಹಾಳಾಗಬಾರದಲ್ಲ ಎಂದು. ಒಂದು ತಿಂಗಳು ನಮ್ಮ ಮನೆಯೆಲ್ಲ ಬೆಳ್ಳುಳ್ಳಿಯ ಗಮ್ಮೆನ್ನುವ ವಾಸನೆ. ನನಗೆ ಅದು ಹಿತವಾಗಿತ್ತು.

ಕೆಲಸಕ್ಕೆ ಮರಳುವ ದಿನ ಎಲ್ಲ ಕಾಗದಗಳನ್ನೂ ಹಿಡಿದುಕೊಂಡು ನಮ್ಮ ಮೇಲ್ವಿಚಾರಕರ ಎದುರು ನಿಂತೆ. ಏಳನೇ ವಯಸ್ಸಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಬಲಗಿವಿ ಹೋಯಿತು, ಬೋರ್ಡಿನಿಂದ ಎಬ್ಬಿಸುವುದಾದರೆ ಎಬ್ಬಿಸಿ ಎಂದೆ. ಅವರು ಕಾಗದ ಓದಿದರು, ನನ್ನನ್ನು ಪರೀಕ್ಷೆಗೆ ಕಳಿಸಿದರು. ಎಡಗಿವಿ ಸರಿಯಿದೆ ಎಂದು ಬರೆದು ಬಂತು. ಮೇಲ್ವಿಚಾರಕರು ಗೋಡೆಯ ಮೊಳೆಯಿಂದ ಒಂದು ಹೆಡ್‌ಸೆಟ್ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಇರುವುದೇ ಒಂದು ಬಿಲ್ಲೆ, ವಿಶಾಲಾಕ್ಷಿ. ಎಡಕ್ಕೆ ಹಾಕಿಕೊಳ್ಳಿ" ಎಂದರು.

ಅಷ್ಟೇ. ಅದಕ್ಕಾಗಿ ನಾನು ಅಷ್ಟು ವರ್ಷ ಹೆದರಿದ್ದೆ. ಮೊದಲ ದಿನವೇ ಎಡಕ್ಕೆ ಹಾಕಿಕೊಂಡಿದ್ದರೆ, ಮೊದಲ ದಿನವೇ ಬಾಯಿಬಿಟ್ಟಿದ್ದರೆ ಎಂದು ಆ ಸೀಟಿನ ಮೇಲೆ ಕೂತು ಎಷ್ಟು ಸಲ ಅಂದುಕೊಂಡೆನೋ. ಹೊಸ ಯಂತ್ರ ಬಂದು ಬೋರ್ಡನ್ನೇ ತೆಗೆಯುವವರೆಗೂ ಎಡಗಿವಿಯಲ್ಲೇ ಕೆಲಸ ಮಾಡಿದೆ. ಕಸ್ತೂರಿ ಸ್ಪಿರಿಟ್ಟಿನಲ್ಲಿ ಒರೆಸುವುದನ್ನು ಮಾತ್ರ ಬಿಡಲಿಲ್ಲ. ಈಗ ಎದುರಿಗೇ ಬೈದುಕೊಂಡು ಒರೆಸುತ್ತಿದ್ದಳು.

ಒಡೆದು ದೊಡ್ಡದು ಮಾಡಿದ ಕಿವಿಯನ್ನು ಆರು ತಿಂಗಳಿಗೊಮ್ಮೆ ಡಾಕ್ಟರೇ ಸ್ವಚ್ಛ ಮಾಡಬೇಕು. ಹಾಗಾಗಿ ಆ ಕಾಯುವ ಬೆಂಚಿಗೂ ನನಗೂ ಸಂಬಂಧ ಬಿಟ್ಟಿಲ್ಲ. ಆಪರೇಷನ್ನಾಗಿ ಎಂಟೊಂಬತ್ತು ವರ್ಷವಾಗಿದ್ದಾಗ ಒಮ್ಮೆ ಸಂಧ್ಯಾ ಜೊತೆಗೆ ಬಂದಿದ್ದಳು. ಆಗ ಹತ್ತನೇ ತರಗತಿ, ನನಗಿಂತ ಎತ್ತರ. ಎಡಕ್ಕೇ ಕೂತಿದ್ದಳು, ಈಗ ನನಗೆ ಕೇಳಿಸಲಿ ಎಂದು. ಎದುರಿನ ಬೆಂಚಿನ ಮೇಲೆ ಒಬ್ಬ ಹೆಂಗಸು. ಅಚ್ಚುಕಟ್ಟಾದ ಸೀರೆ, ತಲೆ ತುಂಬ ಮಲ್ಲಿಗೆ. ಆಕೆ ಕರವಸ್ತ್ರದ ತುದಿಯನ್ನು ಬತ್ತಿಯ ಹಾಗೆ ಹೊಸೆದು, ಯಾರೂ ನೋಡುತ್ತಿಲ್ಲ ಎಂದುಕೊಂಡು ಕಿವಿಯೊಳಗೆ ತಿರುಗಿಸುತ್ತಿದ್ದಳು.

ನನಗೆ ಸುಮ್ಮನಿರಲಾಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕೂತೆ. "ಒರೆಸಬೇಡಿ. ಇರುವ ಹಾಗೇ ತೋರಿಸಿ. ನಾನೂ ಒರೆಸಿಕೊಂಡೇ ಬಂದು ಕಿವಿ ಕಳೆದುಕೊಂಡವಳು" ಎಂದೆ ತಮಿಳಿನಲ್ಲಿ. ಆಕೆ ಗಾಬರಿಯಿಂದ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ನಾನು ಕೂದಲು ಸರಿಸಿ ನನ್ನ ಬಲಗಿವಿಯ ದೊಡ್ಡ ಬಾಯಿಯನ್ನು ತೋರಿಸಿದೆ. ಆಕೆ ಅದನ್ನು ನೋಡಿ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದಳು, "ಈಗ ವಾಸನೆ ಬರಲ್ವಾ?"

"ಇಲ್ಲ," ಅಂದೆ.

"ನಿಮಗೆ ಹೇಗೆ ಗೊತ್ತು?"

ತನ್ನದು ತನಗೆ ಗೊತ್ತಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎಲ್ಲ ರಿಪೋರ್ಟುಗಳೂ ಚೀಲದಲ್ಲಿದ್ದವು, ಆದರೆ ರಿಪೋರ್ಟು ಹೇಳುವುದೆಷ್ಟು ಎಂದು ನಾನು ಕಂಡಿದ್ದೆ. ಅಷ್ಟರಲ್ಲಿ ಸಂಧ್ಯಾ ಎದ್ದು ಬಂದು ನನ್ನ ಬಲಗಡೆ ನಿಂತಳು. ಬಗ್ಗಿ, ಅಷ್ಟು ಜನರ ಮುಂದೆ, ನನ್ನ ಕಿವಿಗೆ ಮೂಗು ತಾಗಿಸಿ ಉಸಿರನ್ನು ಉದ್ದಕ್ಕೆ ಎಳೆದುಕೊಂಡಳು. ಆರು ವರ್ಷದವಳಿದ್ದಾಗ ಹೇಳಿದ ಅದೇ ಸಹಜ ಧ್ವನಿಯಲ್ಲಿ ಆ ಹೆಂಗಸಿಗೆ ಹೇಳಿದಳು, "ಒಣ್ಣುಮೇ ಇಲ್ಲೆ ಆಂಟಿ." ಏನೇನೂ ಇಲ್ಲ.

ಆಕೆ ಕರವಸ್ತ್ರವನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡಳು.

ಸಂಧ್ಯಾ ಎಡಕ್ಕೆ ಹೋಗಲಿಲ್ಲ. ಅಲ್ಲೇ ಜಾಗ ಮಾಡಿಕೊಂಡು ನನ್ನ ಬಲಗಡೆ ಕೂತಳು. ನನ್ನ ಭುಜದ ಮೇಲೆ ತಲೆಯಿಟ್ಟು ಆ ಕಿವಿಯ ಹತ್ತಿರ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಈ ಕಡೆ ಬಂದು ಹೇಳು ಎಂದು ನಾನು ಹೇಳಲಿಲ್ಲ.